ಅರವಟಿಗೆಯ ನಾಚಿಯಾರು

ಅಮೆರಿಕದ ಅಕ್ಕಿಯಲ್ಲಿ ಕಲ್ಲು ಸಿಗುವುದಿಲ್ಲ. ಇದು ಗೊತ್ತಿದ್ದೂ ನಾನು ಅಕ್ಕಿ ಆರಿಸುತ್ತೇನೆ. ಭಾನುವಾರ ಊಟವಾದ ಮೇಲೆ, ಆಶ್‌ಬರ್ನಿನ ನನ್ನ ಟೌನ್‌ಹೌಸಿನ ಅಡುಗೆಮನೆಯ ಕಿಟಕಿ ಪಕ್ಕ ಕುಳಿತು, ಪಿಜ್ಜಾ ಬೇಯಿಸುವ ದುಂಡನೆಯ ತಟ್ಟೆಯಲ್ಲಿ ಒಂದು ಲೋಟ ಸೋನಾ ಮಸೂರಿ ಹರಡಿಕೊಂಡು, ಇಲ್ಲದ ಕಲ್ಲನ್ನು ಹುಡುಕುತ್ತೇನೆ. ಒಮ್ಮೆ ಮಗಳು ಸ್ಮಿತಾ ಬಂದಿದ್ದಾಗ ಇದನ್ನು ನೋಡಿ ಗಾಬರಿಯಾದಳು.

"ಅಮ್ಮಾ, ಕ್ಲೀನ್ ಮಾಡಿರೋ ರೈಸ್ ಅಂತ ಬ್ಯಾಗ್ ಮೇಲೇ ಪ್ರಿಂಟ್ ಮಾಡಿದಾರೆ."

"ಪ್ರಿಂಟ್ ಮಾಡಿದೋನು ಕೂತ್ಕೊಂಡು ಆರಿಸಿದ್ನಾ?" ಅಂದೆ.

ಅವಳು ನನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕೋ ಬೇಡವೋ ಎಂಬಂತೆ ನೋಡಿದಳು. ಅವಳಿಗೆ ಹೇಗೆ ಹೇಳಲಿ? ಬೆರಳು ಅಕ್ಕಿಯ ಮೇಲೆ ಆಡತೊಡಗಿದರೆ ಸಾಕು, ನನ್ನ ಕಿವಿಯಲ್ಲಿ ಯಾರೋ ಕಥೆ ಹೇಳಲು ಶುರು ಮಾಡುತ್ತಾರೆ. ಆ ಯಾರೋ ಅಂದರೆ ಅಲಮೇಲು ಮಾಮಿ.

ಬೆಂಗಳೂರಿನ ಶ್ರೀರಾಮಪುರದ ವಠಾರದಲ್ಲಿ ನಮ್ಮದು ನಡುವಿನ ಮನೆ, ಮಾಮಿಯದು ತುದಿಯದು. ಮಾಮ ಗೂಡ್ಸ್ ರೈಲಿನ ಗಾರ್ಡು. ಜೋಲಾರಪೇಟೆಯ ಕಡೆ ಡ್ಯೂಟಿ. ಮನೆಗೆ ಬರುತ್ತಿದ್ದದ್ದು ಹಬ್ಬ ಬಂದ ಹಾಗೆ, ಅಪರೂಪಕ್ಕೆ. ಮಕ್ಕಳಿರಲಿಲ್ಲ. ಇದ್ದದ್ದು ಒಂದು ತಮಿಳು ಕಾದಂಬರಿ. ಒಂದು ಅಂದರೆ ತಪ್ಪಾದೀತು. ಚೋಳರ ಕಾಲದ ಆ ಕಥೆ ಸಂಪುಟದ ಮೇಲೆ ಸಂಪುಟವಾಗಿ ಬೆಳೆದಿತ್ತು. ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದದ್ದನ್ನು ಹಾಳೆ ಹಾಳೆಯಾಗಿ ಬಿಡಿಸಿ, ದಬ್ಬಣದಲ್ಲಿ ಹೊಲಿದು, ಹಳೆಯ ಸೀರೆಯ ಬಟ್ಟೆಯ ರಟ್ಟು ಹಾಕಿಸಿದ್ದರು. ಪೇರಿಸಿದರೆ ಆಗಿನ ನನ್ನ ಸೊಂಟಕ್ಕೆ ಬರುತ್ತಿತ್ತು. ವಠಾರದಲ್ಲಿ ತಮಿಳು ಓದಬಲ್ಲವರು ಅವರೊಬ್ಬರೇ. ಬೆಳಿಗ್ಗೆ ಓದಿಕೊಂಡದ್ದನ್ನು ಮಧ್ಯಾಹ್ನ ಜಗಲಿಯ ಮೇಲೆ ಕನ್ನಡದಲ್ಲಿ ಹೇಳುತ್ತಿದ್ದರು. ಷರತ್ತು ಒಂದೇ, ಕೇಳುವವರ ಕೈ ಖಾಲಿ ಇರಕೂಡದು.

"ಚುಮ್ಮಾ ಕೂತ್ಕೊಂಡು ಕೇಳೋಕೆ ಇದೇನು ಹರಿಕಥೆನಾ? ಹೋಗಿ, ಮೊರ ತೊಗೊಂಡ್ಬನ್ನಿ."

ಹೆಂಗಸರು ಮೊರ ತರುತ್ತಿದ್ದರು, ಅಕ್ಕಿ ತರುತ್ತಿದ್ದರು. ರಜೆಯಲ್ಲಿ ನಾವು ಮಕ್ಕಳು ಹುಣಸೆಹಣ್ಣಿನ ಬೀಜ ಬಿಡಿಸಲು ಕೂರುತ್ತಿದ್ದೆವು. ಮಾಮಿ ಮಾತ್ರ ತಮ್ಮ ಮೊರದಲ್ಲಿ ಅಕ್ಕಿಯನ್ನು ಒಂದು ಕಡೆಗೆ ಸರಿಸಿ ನಡುವೆ ಬಯಲು ಮಾಡಿಕೊಳ್ಳುತ್ತಿದ್ದರು. ಆ ಬಯಲೇ ಚೋಳಮಂಡಲ. ಒಂದು ಕೊಂಬು ಅರಿಶಿನ ರಾಜಕುಮಾರಿ. ಸುಕ್ಕುಸುಕ್ಕಾದ ಶುಂಠಿ ಕುತಂತ್ರಿ ಮಂತ್ರಿ. ಕುದುರೆ ಏರಿ ಗುಟ್ಟಿನ ಸುದ್ದಿ ಹೊತ್ತು ಊರೂರು ಅಲೆಯುವ ಸವಾರ, ಅಂದರೆ ನಮ್ಮ ಹೀರೋ, ಒಂದು ಬ್ಯಾಡಗಿ ಮೆಣಸಿನಕಾಯಿ. ಒಳ್ಳೆ ಕೆಂಪಗೆ, ತೊಟ್ಟಿನ ಪೇಟ ಸುತ್ತಿಕೊಂಡು. ಸೈನ್ಯ ಸಾಸಿವೆ. ಆನೆ ಬೇಕಾದಾಗ ನಾವು ಬಿಡಿಸಿದ ಹುಣಸೆಹಣ್ಣಿನ ಉಂಡೆ ಎದ್ದು ಬರುತ್ತಿತ್ತು. ಯುದ್ಧ ಅಂದರೆ ಮಾಮಿ ಮೊರವನ್ನು ಒಮ್ಮೆ ಕೊಡವುತ್ತಿದ್ದರು. ಸಾಸಿವೆಯೆಲ್ಲ ಝರ್ರೆಂದು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಓಡುತ್ತಿತ್ತು. ಈಗಲೂ ಒಗ್ಗರಣೆಗೆ ಸಾಸಿವೆ ಹಾಕುವಾಗ ಯಾರೋ ಬಡಪಾಯಿ ಕಾಲಾಳುಗಳನ್ನು ಕಾದ ಎಣ್ಣೆಗೆ ತಳ್ಳಿದ ಹಾಗೆ ಅಳುಕಾಗುತ್ತದೆ.

ಅಷ್ಟು ದೊಡ್ಡ ಕಾದಂಬರಿಯನ್ನು ಒಂದು ಮೊರಕ್ಕೆ ಇಳಿಸುವುದು ಸುಲಭವಲ್ಲ ಅಂತ ಆಗ ಹೊಳೆದಿರಲಿಲ್ಲ. ಮಾಮಿ ಧಾರಾಳವಾಗಿ ಕತ್ತರಿ ಆಡಿಸುತ್ತಿದ್ದರು. ಗೋಪುರದ ವರ್ಣನೆ ಬಂದರೆ, "ಗೋಪುರ ಎತ್ತರ ಇತ್ತು, ಆಯ್ತಾ?" ಅಷ್ಟೇ. ರಾಜಕುಮಾರಿಯೂ ಸವಾರನೂ ಹೂದೋಟದಲ್ಲಿ ಎದುರಾದರೆ ನಮ್ಮ ಕಡೆ ಒಮ್ಮೆ ನೋಡಿ, "ಸ್ವಲ್ಪ ಮಾತಾಡಿದ್ರು, ಆಮೇಲೆ ಅವನು ಹೊರಟ" ಅನ್ನುತ್ತಿದ್ದರು. ದೊಡ್ಡ ಹೆಂಗಸರು ಮುಸಿಮುಸಿ ನಗುತ್ತಿದ್ದರು. ನನಗೆ ಯಾಕೆಂದು ತಿಳಿಯುತ್ತಿರಲಿಲ್ಲ. ಇನ್ನು ಚೋಳರು ಕನ್ನಡದ ರಾಜರ ಮೇಲೆ ಏರಿ ಬರುವ ಪ್ರಸಂಗ ಬಂತೋ, ಮಾಮಿಗೆ ಧರ್ಮಸಂಕಟ. ವಠಾರದ ತುಂಬ ಕನ್ನಡದವರು, ನಮ್ಮಜ್ಜಿಯಂತೂ ಎದುರಿಗೇ ಕೂತಿರುತ್ತಿದ್ದರು.

"ಅವತ್ತು ನಿಮ್ಮ ಕನ್ನಡದ ರಾಜ ಊರಲ್ಲೇ ಇರ್ಲಿಲ್ಲ" ಎಂದು ಮಾಮಿ ಉಪಾಯ ತೆಗೆಯುತ್ತಿದ್ದರು.

"ಅದಕ್ಕೇ ಗೆದ್ರು ಅನ್ನಿ" ಎಂದು ಅಜ್ಜಿ ಸಮಾಧಾನದಿಂದ ಕಲ್ಲು ಹೆಕ್ಕಿ ಎಸೆಯುತ್ತಿದ್ದರು.

ಅರಿಶಿನ, ಶುಂಠಿ, ಮೆಣಸಿನಕಾಯಿ ಎಲ್ಲ ಇರಲಿ. ನನ್ನ ಪ್ರಾಣ ಇದ್ದದ್ದು ನಾಚಿಯಾರಲ್ಲಿ. ಅವಳು ಒಂದು ಚೂರು ಅಡಿಕೆ. ಬೇರೆ ಪಾತ್ರಗಳೆಲ್ಲ ಮಾಮಿಯ ಒಗ್ಗರಣೆ ಡಬ್ಬಿಯಿಂದ ಬಂದರೆ, ನಾಚಿಯಾರು ಅವರ ಸೊಂಟದ ಎಲೆಯಡಿಕೆ ಚೀಲದಿಂದ ಬರುತ್ತಿದ್ದಳು. ಬಿಸಿಲಿನ ಹೆದ್ದಾರಿಯ ಪಕ್ಕ, ಹುಣಸೆಮರದ ಕೆಳಗೆ, ಒಂಟಿ ಹೆಂಗಸು, ಅರವಟಿಗೆ ಇಟ್ಟುಕೊಂಡು ದಾರಿಹೋಕರಿಗೆ ನೀರುಮಜ್ಜಿಗೆ ಕೊಡುತ್ತಿದ್ದಳು. ಸವಾರ ಎಷ್ಟೇ ಅವಸರದಲ್ಲಿರಲಿ, ರಾಜ್ಯವೇ ಮುಳುಗುತ್ತಿರಲಿ, ಅವಳ ಅರವಟಿಗೆ ದಾಟಿ ಹೋಗುವ ಹಾಗಿರಲಿಲ್ಲ.

"ಇಳಿಯಪ್ಪಾ ಕುದುರೆಯಿಂದ. ಬೆಳಿಗ್ಗೆ ಏನು ಉಂಡೆ? ಹೇಳು ನೋಡೋಣ" ಅನ್ನುತ್ತಿದ್ದಳು ನಾಚಿಯಾರು. ಮಾಮಿ ಅಲ್ಲಿಗೆ ನಿಲ್ಲಿಸಿ ನಮ್ಮ ಕಡೆ ನೋಡುತ್ತಿದ್ದರು. ಸವಾರನ ಪರವಾಗಿ ಉತ್ತರ ಕೊಡುವುದು ನಮ್ಮ ಹಕ್ಕು. ನಾನು "ಉಪ್ಪಿಟ್ಟು" ಅನ್ನುತ್ತಿದ್ದೆ. ಅಕ್ಕ ಸರೋಜ, "ಅವಳು ಸುಳ್ಳು ಹೇಳ್ತಾಳೆ, ತಂಗಳನ್ನ" ಅನ್ನುತ್ತಿದ್ದಳು. ಚೋಳರ ರಾಜ್ಯ ಕಾಪಾಡಲು ಹೊರಟ ವೀರ ಹೀಗೆ ನಮ್ಮ ಮನೆಯ ತಂಗಳು ತಿಂದು ಹೊರಡುತ್ತಿದ್ದ. ಕುದುರೆಗೂ ಮಜ್ಜಿಗೆ ಆಗುತ್ತಿತ್ತು. ನಿಮ್ಮಮ್ಮ ತಲೆಗೆ ಎಣ್ಣೆ ಹಾಕಿದಳಾ, ಅಂಗಾಲು ಯಾಕೆ ಸುಟ್ಟಿದೆ, ನಾಚಿಯಾರಿಗೆ ಎಲ್ಲ ಬೇಕು. ಕಡೆಗೆ ಕಥೆ ಮುಗಿದಾಗ ಅರಿಶಿನ, ಶುಂಠಿ, ಸಾಸಿವೆ ಡಬ್ಬಿಗೆ ವಾಪಸು ಹೋದರೆ, ನಾಚಿಯಾರು ಮಾಮಿಯ ಬಾಯಿಗೆ ಹೋಗುತ್ತಿದ್ದಳು. "ನಾಚಿಯಾರು ಮನೆಗೆ ಹೋದಳು" ಎಂದು ಅವರು ಚೂರನ್ನು ಬಾಯಿಗೆ ಹಾಕಿಕೊಂಡು, ನಾವೆಲ್ಲ ಎದ್ದು ಹೋದ ಜಗಲಿಯ ಮೇಲೆ ಕೂತು ನಿಧಾನವಾಗಿ ಅಗಿಯುತ್ತಿದ್ದರು. ಅಷ್ಟು ಹೊತ್ತು ಅಗಿಯಲು ಒಂದು ಚೂರು ಅಡಿಕೆಯಲ್ಲಿ ಏನಿದೆ ಅಂತ ನನಗೆ ಆಶ್ಚರ್ಯವಾಗುತ್ತಿತ್ತು.

ನಾನು ಮದುವೆಯಾಗಿ ಇವರ ಹಿಂದೆ ಈ ದೇಶಕ್ಕೆ ಬಂದೆ. ಮಾಮಿ ಯಾವಾಗಲೋ ತಮ್ಮನ ಮನೆಗೆಂದು ಸೇಲಂಗೆ ಹೋದರು, ಅಲ್ಲೇ ತೀರಿಕೊಂಡರು ಅಂತ ಕೇಳಿದೆ. ನಾನು ವಾಷಿಂಗ್ಟನ್ನಿನ ಒಂದು ಆಫೀಸಿಗೆ ವರ್ಷಗಟ್ಟಲೆ ಬಸ್ಸು, ರೈಲು ಬದಲಿಸಿಕೊಂಡು ಹೋದೆ. ಕಡೆಗೆ ಮೆಟ್ರೋ ನಮ್ಮ ಆಶ್‌ಬರ್ನಿನ ತನಕ ಬಂದಾಗ ನಾನು ಹೋಗಬೇಕಾದ ಆಫೀಸು ಇರಲಿಲ್ಲ, ನಿವೃತ್ತಿಯಾಗಿತ್ತು. ಜೊತೆಗೆ ಕಾಫಿ ಕುಡಿಯಬೇಕಾದ ಇವರೂ ಇರಲಿಲ್ಲ. ಹಿತ್ತಿಲಾಚೆ ಕಿಟಕಿಯೇ ಇಲ್ಲದ ಡೇಟಾ ಸೆಂಟರುಗಳು ಹಗಲಿರುಳು ಗುಂಯ್ ಅನ್ನುತ್ತವೆ. ಪ್ರಪಂಚದ ಮಾತೆಲ್ಲ ಅವುಗಳ ಒಳಗೇ ಹಾದುಹೋಗುತ್ತದಂತೆ. ನನ್ನ ಮನೆಯಲ್ಲಿ ಮಾತ್ರ ಫ್ರಿಜ್ ಬಿಟ್ಟರೆ ಇನ್ಯಾರೂ ಉಸಿರೆತ್ತುವುದಿಲ್ಲ. ಸ್ಮಿತಾ ಗಂಡ, ಮಗಳ ಜೊತೆ ಜಾರ್ಜಿಯಾದ ಕಮ್ಮಿಂಗಿನಲ್ಲಿದ್ದಾಳೆ. ಭಾನುವಾರ ವಿಡಿಯೋ ಕಾಲ್ ಮಾಡುತ್ತಾಳೆ. ಏಳು ವರ್ಷದ ಮೊಮ್ಮಗಳು ತಾರಾ ಪರದೆಯೊಳಗೆ ಮುಖ ತೂರಿಸಿ "ಹಾಯ್ ಅಜ್ಜಿ" ಅನ್ನುತ್ತಾಳೆ. ನಾನು "ಏನು ಮಾಡ್ತಿದ್ದೀಯ ಪುಟ್ಟಿ?" ಅನ್ನುತ್ತೇನೆ. "ನಥಿಂಗ್" ಅನ್ನುತ್ತಾಳೆ. ಆಮೇಲೆ "ಬೈ ಅಜ್ಜಿ." ಹಾಯ್‌ಗೂ ಬೈಗೂ ನಡುವೆ ಒಂದು ಮಾತು ಹೆಚ್ಚು ಹಿಡಿದಿಟ್ಟುಕೊಳ್ಳುವುದು ಹೇಗೆ ಎಂಬುದೇ ನನ್ನ ಇಡೀ ವಾರದ ಯೋಚನೆ. ಕ್ರೇಯಾನ್ ಕಳಿಸಿ ನೋಡಿದೆ, ಗೊಂಬೆ ಕಳಿಸಿ ನೋಡಿದೆ. ಕ್ರೇಯಾನಿಗೆ "ಥ್ಯಾಂಕ್ಯೂ" ಎಂಬ ಇನ್ನೊಂದು ಪದ ಬಂತು, ಅಷ್ಟೇ.

ಹೀಗಿರುವಾಗ ಸುದ್ದಿ ಬಂತು, ಮಾಮಿಯ ಕಾದಂಬರಿ ಸಿನಿಮಾ ಆಗಿದೆ. ಕೊರೋನಾ ಕಳೆದು ಜನ ಮತ್ತೆ ಪಕ್ಕಪಕ್ಕ ಕೂರುವುದನ್ನು ಕಲಿಯುತ್ತಿದ್ದ ಕಾಲ. ಅಷ್ಟು ದೊಡ್ಡದನ್ನು ಒಂದೇ ಸಿನಿಮಾದಲ್ಲಿ ತುರುಕಲಾಗದೆ ಎರಡು ಭಾಗ ಮಾಡಿದ್ದಾರಂತೆ. ಇಲ್ಲಿನ ಕನ್ನಡದ ಹುಡುಗಿಯರ ವಾಟ್ಸಾಪ್ ಗುಂಪಿನಲ್ಲಿ ನಾನು ದಿಢೀರನೆ ಪಂಡಿತೆಯಾದೆ. ತಮಿಳಿನ ಒಂದಕ್ಷರ ಬಾರದವಳು, ಯಾರು ಯಾರ ಅಣ್ಣ, ಯಾರು ಯಾರ ಶತ್ರು ಅಂತ ದಿನಾ ಬರೆದು ಕಳಿಸಿದೆ. ಕೊನೆಗೆ ಒಂದು ಟಿಪ್ಪಣಿ: "ಉಳಿದವರನ್ನು ಬಿಡಿ. ಅರವಟಿಗೆಯ ನಾಚಿಯಾರು ಅಂತ ಒಬ್ಬಳು ಬರುತ್ತಾಳೆ. ಅವಳನ್ನು ಕಣ್ತುಂಬ ನೋಡಿ."

ಮೊದಲ ಭಾಗಕ್ಕೆ ಒಂದು ಸಾಲು ತುಂಬ ಹೋದೆವು. ಪರದೆಯ ಮೇಲೆ ನಿಜವಾದ ಕುದುರೆಗಳು, ನಿಜವಾದ ಸಮುದ್ರ. ರಾಜಕುಮಾರಿ ಬಂದಾಗ ಎಲ್ಲರೂ ಶಿಳ್ಳೆ ಹಾಕಿದರು. ನನಗೆ ಮಾತ್ರ ಅರಿಶಿನದ ಕೊಂಬಿಗೆ ಇದ್ದ ಗಾಂಭೀರ್ಯ ಇವಳಿಗಿಲ್ಲವಲ್ಲ ಅನ್ನಿಸಿತು. ಆನೆ ಬಂತು, ಬಾಯಲ್ಲಿ ಹುಣಸೆಯ ನೀರೂರಿತು. ಸಿನಿಮಾ ಮುಗಿಯಿತು, ನಾಚಿಯಾರು ಬರಲಿಲ್ಲ. ಪಕ್ಕದ ಸೀಟಿನ ರಶ್ಮಿ, ಗುಂಪಿನಲ್ಲಿ ಎಲ್ಲರಿಗಿಂತ ಬಾಯಿ ಜೋರಿನವಳು, ನನ್ನ ಭುಜ ತಟ್ಟಿದಳು.

"ಎಲ್ಲಿ ಆಂಟಿ ನಿಮ್ಮ ಹೀರೋಯಿನ್ನು? ಟ್ರಾಫಿಕ್‌ನಲ್ಲಿ ಸಿಕ್ಕಾಕ್ಕೊಂಡ್ಲಾ?"

"ಅವಳನ್ನ ಸೆಕೆಂಡ್ ಪಾರ್ಟ್‌ಗೆ ಇಟ್ಕೊಂಡಿದಾರೆ ಕಣೇ. ಅಂಥೋಳನ್ನ ಸುಮ್ಮನೆ ಮೊದಲೇ ತೋರಿಸಿಬಿಡ್ತಾರಾ?" ಅಂದೆ. ಅಂದದ್ದನ್ನು ನಾನೂ ನಂಬಿದೆ.

ಎರಡನೆಯ ಭಾಗ ಬರುವ ಹೊತ್ತಿಗೆ ಎಲ್ಲರಿಗೂ ಕೆಲಸ. ಒಬ್ಬಳ ಮಗನಿಗೆ ಸಾಕರ್, ಇನ್ನೊಬ್ಬಳು ಬೇಬಿ ಶವರ್‌ಗೆಂದು ಶಾರ್ಲೆಟ್‌ಗೆ ಹೋಗಿದ್ದಳು. "ಸಾರಿ ಆಂಟಿ, ನಾವು ಮನೇಲೇ ಸ್ಟ್ರೀಮ್ ಮಾಡ್ಕೊಂಡು ನೋಡ್ತೀವಿ. ನಾಚಿಯಾರು ಬಂದ್ರೆ ಹೇಳಿ!" ಎಂದು ರಶ್ಮಿ ಬರೆದಳು. ಭಾನುವಾರದ ಮ್ಯಾಟಿನಿಗೆ ಒಬ್ಬಳೇ ಡ್ರೈವ್ ಮಾಡಿಕೊಂಡು ಹೋದೆ. ಒಬ್ಬಳಿಗೆ ಯಾಕೆ ಅಂತ ಯೋಚಿಸದೆ ಅಭ್ಯಾಸಬಲದಿಂದ ದೊಡ್ಡ ಬಕೆಟ್ ಪಾಪ್‌ಕಾರ್ನ್ ಕೊಂಡೆ. ಒಂದು ಸೀಟು ಬಿಟ್ಟು ನನ್ನ ವಯಸ್ಸಿನದೇ ಒಬ್ಬ ಹೆಂಗಸು ಕೂತಿದ್ದರು. ಕಂಚಿ ಸೀರೆಯ ಮೇಲೆ ದಪ್ಪ ಜಾಕೆಟ್ಟು. ಅವರೂ ಒಬ್ಬರೇ. ನಡುವಿನ ಖಾಲಿ ಸೀಟಿನ ಮೇಲೆ ಪಾಪ್‌ಕಾರ್ನ್ ಬಕೆಟ್ ಇಟ್ಟೆ. ಸ್ವಲ್ಪ ಹೊತ್ತಿಗೆ ಅವರ ಕೈಯೂ ಅದರೊಳಗೆ ಬಂತು.

ಇಲ್ಲಿ ನಮ್ಮ ಸಿನಿಮಾಗಳಿಗೆ ಮಧ್ಯಂತರ ಇರುವುದಿಲ್ಲ. "ಇಂಟರ್ವಲ್" ಎಂಬ ಅಕ್ಷರ ಪರದೆಯ ಮೇಲೆ ಮೂಡುತ್ತದೆ, ಮೂಡಿದ ಮರುಕ್ಷಣ ಕಥೆ ಮುಂದಕ್ಕೆ ಓಡುತ್ತದೆ. ಎದ್ದು ಕೈಕಾಲು ಚಾಚಿ, "ಏನನ್ನಿಸಿತು?" ಎಂದು ಯಾರನ್ನಾದರೂ ಕೇಳುವ ಪುರಸೊತ್ತು ಕೊಡುವುದಿಲ್ಲ. ಹಾಗೆ ಓಡುತ್ತ ಓಡುತ್ತ ಯುದ್ಧ ಮುಗಿಯಿತು, ಪಟ್ಟಾಭಿಷೇಕವಾಯಿತು, ಹೆಸರುಗಳು ಮೇಲೆ ಹೋಗತೊಡಗಿದವು. ದೀಪ ಹತ್ತಿತು. ನಾನು ಕೂತೇ ಇದ್ದೆ.

"ಏನಮ್ಮಾ, ಆಯಿತು, ಏಳಲ್ವಾ?" ಎಂದರು ಪಕ್ಕದವರು, ತಮಿಳು ಎಳೆತದ ಕನ್ನಡದಲ್ಲಿ. ಸಿನಿಮಾ ಶುರುವಾಗುವ ಮೊದಲು ನಾನು ಫೋನಿನಲ್ಲಿ ರಶ್ಮಿಯ ಜೊತೆ ಕನ್ನಡದಲ್ಲಿ ಮಾತಾಡಿದ್ದನ್ನು ಕೇಳಿಸಿಕೊಂಡಿದ್ದರಂತೆ. ಹೆಸರು ಕಲ್ಯಾಣಿ, ಹೊಸೂರಿನವರು, ಮಗನ ಮನೆಗೆ ಬಂದವರು.

"ನಾಚಿಯಾರನ್ನು ತೆಗೆದೇ ಹಾಕಿಬಿಟ್ಟರಲ್ರೀ!" ಅಂದೆ. ನನ್ನ ದನಿ ನನಗೇ ದೂರು ಹೇಳಿದ ಹಾಗೆ ಕೇಳಿಸಿತು.

"ಯಾವ ನಾಚಿಯಾರು?"

ಹೇಳಿದೆ. ಹುಣಸೆಮರ, ಮಜ್ಜಿಗೆ, ಕುದುರೆ, ಎಲ್ಲ. ಕಲ್ಯಾಣಿ ತಲೆ ಒಲೆದು ಕೇಳಿದರು, ಕಣ್ಣು ಕಿರಿದು ಮಾಡಿ ನೆನೆಸಿಕೊಂಡರು, ಆಮೇಲೆ ನನ್ನ ಮೊಣಕೈ ಹಿಡಿದರು.

"ಅಂಥೋರು ಯಾರೂ ಇಲ್ಲಮ್ಮಾ. ನಾನು ಸ್ಕೂಲು ರಜಾ ಬಂತು ಅಂದ್ರೆ ಆ ಪುಸ್ತಕಾನೇ ಓದ್ತಾ ಇದ್ದೆ. ಮದುವೆ ಆದ್ಮೇಲೂ ಓದ್ದೆ. ಯಾವ ಪುಟದಲ್ಲಿ ಯಾರು ಬರ್ತಾರೆ ಅಂತ ಹೇಳ್ತೀನಿ ಬೇಕಿದ್ರೆ. ಅರವಟಿಗೇನೂ ಇಲ್ಲ, ಈ ಅಮ್ಮಾನೂ ಇಲ್ಲ."

"ಇದ್ದಳು" ಅಂದೆ.

"ಇದ್ರೆ ಚೆನ್ನಾಗಿರ್ತಿತ್ತು" ಅಂದರು ಕಲ್ಯಾಣಿ. "ಪಾವಂ, ಆ ಹುಡುಗ ಪುಸ್ತಕ ಪೂರ್ತಿ ಹಸ್ಕೊಂಡೇ ತಿರುಗ್ತಾನೆ."

ಅವರ ಮಗ ಬಂದು ಕರೆದುಕೊಂಡು ಹೋದ. ನಾನು ಕಾರಿನಲ್ಲಿ ಕೂತೆ, ಸ್ಟಾರ್ಟ್ ಮಾಡಲಿಲ್ಲ. ತೊಡೆಯ ಮೇಲೆ ಅರ್ಧ ಬಕೆಟ್ ಪಾಪ್‌ಕಾರ್ನ್. ಸಿನಿಮಾದವರ ಮೇಲೆ ಬಂದಿದ್ದ ಸಿಟ್ಟಿಗೆ ಹೋಗಲು ಜಾಗವಿಲ್ಲದೆ ಅದು ನನ್ನ ಮೇಲೆಯೇ ತಿರುಗಿತು. ಇಷ್ಟು ವರ್ಷ ಎದೆಯಲ್ಲಿಟ್ಟುಕೊಂಡು ಬಂದದ್ದು ಏನನ್ನು ಹಾಗಾದರೆ? ಯಾವುದೋ ಮಧ್ಯಾಹ್ನ ನಾನೇ ಕಂಡ ಕನಸೇ? ಕೇಳೋಣವೆಂದರೆ ಮಾಮಿ ಇಲ್ಲ, ಅಜ್ಜಿ ಇಲ್ಲ, ವಠಾರವೇ ಇಲ್ಲ. ಉಳಿದವಳು ಸರೋಜಕ್ಕ ಒಬ್ಬಳೇ. ಮೈಸೂರಿನಲ್ಲಿ ಬೆಳಗಾಗುವುದನ್ನು ಕಾದು ಫೋನ್ ಮಾಡಿದೆ.

"ಅಕ್ಕಾ, ಅಲಮೇಲು ಮಾಮಿ ಕಥೇಲಿ ನಾಚಿಯಾರು ಅಂತ ಇದ್ದಳಲ್ಲ, ನೆನಪಿದ್ಯಾ?"

"ಅಯ್ಯೋ, ಆ ಹಾಳು ನಾಚಿಯಾರಾ!" ಅಂದಳು ಅಕ್ಕ. ನನಗೆ ಕುಣಿಯುವಷ್ಟು ಖುಷಿಯಾಯಿತು. "ಅವಳಿಂದ ನಾನು ತಿಂದಿರೋ ಬೈಗುಳ ಎಷ್ಟು ಗೊತ್ತೇನೇ ಪದ್ದಿ? ನೀನು ಚಿಕ್ಕೋಳು, ನಿನಗೇನು. ನಲ್ಲಿ ಗೊರಗೊರ ಅಂತ ಸದ್ದು ಮಾಡ್ತಿದ್ದ ಹಾಗೇ ಆಯಮ್ಮ ಬರೋಳು. ಎಲ್ಲರೂ ಕೊಡ ಹಿಡ್ಕೊಂಡು ಓಡ್ಬೇಕು, ಅಷ್ಟರಲ್ಲಿ ಇವಳು ಮಜ್ಜಿಗೆ ತರೋಳು, ಏನುಂಡೆ ಅಂತ ಕೇಳೋಳು. ನಾನು ಬಾಯಿ ಬಿಟ್ಕೊಂಡು ಕೂರೋಳು. ನಲ್ಲಿ ನಿಂತೇ ಹೋಗಿರ್ತಿತ್ತು. ಅಮ್ಮ ಖಾಲಿ ಕೊಡ ನೋಡಿ..."

"ಯಾವಾಗಲೂ ನಲ್ಲಿ ಬಂದಾಗಲೇ ಬರ್ತಿದ್ದಳಾ?"

"ಇನ್ಯಾವಾಗ? ನಲ್ಲಿ ಬಂತು ಅಂದ್ರೆ ನಾಚಿಯಾರು ಬಂದ್ಲು ಅಂತಾನೇ. ಯಾಕೆ ಬೆಳಿಗ್ಗೆ ಬೆಳಿಗ್ಗೆ ಇದೆಲ್ಲ? ಊಟ ಮಾಡಿದ್ಯಾ? ಒಬ್ಬಳೇ ಇದ್ದೀನಿ ಅಂತ ಬ್ರೆಡ್ಡು ತಿಂದು ಮಲಗ್ತಿದ್ದೀಯೋ ಏನೋ."

ತಿಂದಿದ್ದು ಪಾಪ್‌ಕಾರ್ನ್ ಅಂತ ಹೇಳಲಿಲ್ಲ. ಫೋನಿಟ್ಟ ಮೇಲೆ ಆ ಜಗಲಿ ಕಣ್ಣಮುಂದೆ ಬಂತು. ನೀರು ಬರುವ ಸದ್ದು ಕೇಳಿದರೆ ಹೆಂಗಸರೆಲ್ಲ ಮೊರ ಎತ್ತಿ ಏಳುವ ಹೊತ್ತು. ಇನ್ನು ಮರುದಿನದ ಮಧ್ಯಾಹ್ನದ ತನಕ ಆ ತುದಿಮನೆಗೆ ಯಾರೂ ಬರುವುದಿಲ್ಲ. ಮಾಮಿಯ ಕೈ ಸೊಂಟದ ಚೀಲಕ್ಕೆ ಹೋಗುತ್ತದೆ. ಯಾವ ಪುಟದಲ್ಲೂ ಇಲ್ಲದ ಒಬ್ಬ ಹೆಂಗಸು ಚೋಳರ ಹೆದ್ದಾರಿಗೆ ಅಡ್ಡ ಬಂದು ಕುದುರೆಯ ಲಗಾಮು ಹಿಡಿಯುತ್ತಾಳೆ. ಇಳಿಯಪ್ಪಾ. ಬೆಳಿಗ್ಗೆ ಏನು ಉಂಡೆ?

ಅಷ್ಟು ಖರ್ಚು ಮಾಡಿ, ಅಷ್ಟು ಕುದುರೆ ತಂದು ತೆಗೆದ ಸಿನಿಮಾದವರ ತಪ್ಪೇನಿಲ್ಲ. ಅವರು ಕಾದಂಬರಿಯನ್ನಷ್ಟೇ ಓದಿದ್ದರು.

ಮುಂದಿನ ಭಾನುವಾರ ಸ್ಮಿತಾಳ ಕಾಲ್ ಬರುವ ಮೊದಲೇ ನಾನು ಪಿಜ್ಜಾ ತಟ್ಟೆ ಸಿದ್ಧ ಮಾಡಿದೆ. ಅಕ್ಕಿಯನ್ನು ಒಂದು ಕಡೆಗೆ ಸರಿಸಿ ಬಯಲು ಮಾಡಿದೆ. ಫೋನನ್ನು ಪಾಪ್‌ಕಾರ್ನ್ ಬಕೆಟ್ಟಿಗೆ ಒರಗಿಸಿ ತಟ್ಟೆ ಕಾಣುವ ಹಾಗೆ ನಿಲ್ಲಿಸಿದೆ. ಆ ಬಕೆಟ್ಟಿನಲ್ಲಿ ಈಗ ತೊಗರಿಬೇಳೆ ಇದೆ.

"ಹಾಯ್ ಅಜ್ಜಿ. ವಾಟ್ಸ್ ದಟ್?"

"ಇವಳು ರಾಜಕುಮಾರಿ. ಇವನು ಹೀರೋ, ಹಾರ್ಸ್ ಮೇಲೆ ಬರ್ತಾನೆ."

"ದಟ್ಸ್ ಎ ಚಿಲ್ಲಿ, ಅಜ್ಜಿ."

"ಹತ್ತಿರದಿಂದ ನೋಡು. ಪೇಟ ಕಾಣಿಸ್ತಿಲ್ವಾ?"

ಅವಳ ಮೂಗು ಪರದೆಗೆ ಅಂಟಿತು. ನಾನು ತಟ್ಟೆಯನ್ನು ಒಮ್ಮೆ ಕೊಡವಿದೆ. ಸಾಸಿವೆ ಝರ್ರೆಂದು ಓಡಿತು. "ಮತ್ತೆ ಮಾಡು" ಅಂದಳು ತಾರಾ, ಕನ್ನಡದಲ್ಲಿ. ಮತ್ತೆ ಮಾಡಿದೆ. ಮಂತ್ರಿಯ ಸಂಚು ಬಯಲಾಗುವ ಹೊತ್ತಿಗೆ ಸ್ಮಿತಾಳ ದನಿ ಕೇಳಿಸಿತು.

"ತಾರಾ, ಶೂಸ್! ಸ್ವಿಮ್ಮಿಂಗ್‌ಗೆ ಲೇಟ್ ಆಗ್ತಿದೆ. ಸೇ ಬೈ ಟು ಅಜ್ಜಿ."

ತಾರಾ ಅರ್ಧ ಎದ್ದಳು. ನನ್ನ ಕೈ ತಾನಾಗಿ ಪಕ್ಕದಲ್ಲಿದ್ದ ಬೋಗುಣಿಗೆ ಹೋಯಿತು. ಅಡಿಕೆ ಇರಲಿಲ್ಲ, ಸ್ಮಿತಾ ಜಾರ್ಜಿಯಾದಿಂದ ಕಳಿಸಿದ್ದ, ಅಕ್ರೋಟಿನಂಥ ಪೆಕಾನ್ ಬೀಜ ಇತ್ತು. ಅದನ್ನು ಮೆಣಸಿನಕಾಯಿಯ ದಾರಿಗೆ ಅಡ್ಡ ಇಟ್ಟೆ.

"ಅಷ್ಟರಲ್ಲಿ ರೋಡ್ ಪಕ್ಕ ಒಬ್ಬಳು ಹೆಂಗಸು. ಹೆಸರು ನಾಚಿಯಾರು. ಹೀರೋನ ಕುದುರೆ ಹಿಡ್ಕೊಂಡು ಕೇಳಿದಳು, ಬೆಳಿಗ್ಗೆ ಏನಪ್ಪಾ ತಿಂದೆ? ಪುಟ್ಟಿ, ಏನು ತಿಂದ ಅವನು?"

ತಾರಾ ಒಂದು ಕೈಯಲ್ಲಿ ಶೂ ಹಿಡಿದು ಯೋಚಿಸಿದಳು. "ಪ್ಯಾನ್‌ಕೇಕ್" ಅಂದಳು. ಕೂತಳು. "ಎರಡು ಪ್ಯಾನ್‌ಕೇಕ್. ಒಂದು ನಾಯಿಗೆ ಕೊಟ್ಟ. ಅಮ್ಮಂಗೆ ಗೊತ್ತಿಲ್ಲ."

ಸ್ಮಿತಾಳ ಮುಖ ಅವಳ ಭುಜದ ಮೇಲಿಂದ ಇಣುಕಿತು. "ನಾಯಿಗೆ ಕೊಟ್ಯಾ? ಅಮ್ಮಾ, ಯಾರಿದು? ನಾನು ಎರಡೂ ಪಾರ್ಟ್ ನೋಡಿದೀನಿ, ಮೂವೀಲಿ ಇವಳು ಇರ್ಲೇ ಇಲ್ವಲ್ಲ."

"ನೀನು ಆಗ ಪಾಪ್‌ಕಾರ್ನ್ ತರೋಕೆ ಎದ್ದು ಹೋಗಿದ್ದೆ."

"ನಾನು ನೋಡಿದ್ದು ಮನೇಲಿ!"

"ಮನೇಲೂ ಎದ್ದು ಹೋಗ್ತೀಯ ನೀನು. ಸುಮ್ನೆ ಕೂತಿದ್ದು ಯಾವಾಗ?"

"ಅಮ್ಮಾ, ಶ್!" ಅಂದಳು ತಾರಾ. "ಅಜ್ಜಿ, ಹಾರ್ಸ್ ಏನು ತಿಂತು?"

ಕುದುರೆಗೆ ಮಜ್ಜಿಗೆಯಾಯಿತು. ತಲೆಗೆ ಎಣ್ಣೆ ಹಾಕಿದ ವಿಚಾರವಾಯಿತು. ತಾರಾಳ ಮುಂದಿನ ಹಲ್ಲು ಅಲುಗಾಡುತ್ತಿದೆ, ಶಾಲೆಯಲ್ಲಿ ಎಮ್ಮಾ ಎಂಬವಳು ಈಗ ಮಾತಾಡುವುದಿಲ್ಲ, ಇವೆಲ್ಲ ಸವಾರನ ಕಷ್ಟಗಳಾಗಿ ಹೊರಬಂದವು. ಸ್ವಿಮ್ಮಿಂಗಿಗೆ ತಡವಾಗಿದ್ದಕ್ಕೆ ಕಮ್ಮಿಂಗಿನಲ್ಲಿ ಯಾರಿಗೆ ಬೈಗುಳ ಬಿತ್ತೋ ತಿಳಿಯದು. ಕಡೆಗೆ ಪರದೆ ಕಪ್ಪಾಯಿತು. ಫ್ರಿಜ್ಜಿನ ಸದ್ದು ಮತ್ತೆ ಕೇಳಿಸತೊಡಗಿತು.

ಸಾಸಿವೆಯನ್ನು ಡಬ್ಬಿಗೆ ಹಾಕಿದೆ. ಅರಿಶಿನ, ಶುಂಠಿ, ಮೆಣಸಿನಕಾಯಿ ತಮ್ಮ ತಮ್ಮ ಜಾಗಕ್ಕೆ ಹೋದವು. ತಟ್ಟೆಯಲ್ಲಿ ಉಳಿದ ಪೆಕಾನನ್ನು ಬಾಯಿಗೆ ಹಾಕಿಕೊಂಡು, ಕಿಟಕಿಯ ಪಕ್ಕ ಕೂತು, ಬಹಳ ಹೊತ್ತು ಅಗಿದೆ.